ಇಂಗ್ಲಿಷ್ ಪ್ಲೇಟಿನೊಳಗಿನ ಮುನಿಕೆಂಪಮ್ಮ

ನಮ್ಮ ಸೋದರತ್ತೆ ಮುನಿಕೆಂಪಮ್ಮನ ದನಿ ಒಂದು ಇಂಗ್ಲಿಷ್ ಹಾಡಿನ ಗ್ರಾಮಫೋನ್ ಪ್ಲೇಟಿನೊಳಗೆ ಇದೆ ಎಂದರೆ ಹೆಬ್ಬಾಳದಲ್ಲಿ ಈಗ ಯಾರೂ ನಂಬುವುದಿಲ್ಲ. ಅವಳು ಬದುಕಿದ್ದಾಗಲೂ ಇದು ಗೊತ್ತಿದ್ದವರು ಬೆರಳೆಣಿಕೆಯಷ್ಟು ಜನ. ಅದಕ್ಕೆ ಕಾರಣ ಅವಳೇ. ಯಾರಿಗೂ ತಿಳಿಯಬಾರದೆಂದು ಬಾಯಿ ಹೊಲಿದುಕೊಂಡು ಕೂತವಳು. ನನಗೆ ಹೇಳಿದ್ದು ಕೂಡ ನನಗೆ ಮದುವೆಯಾಗಿ ಮಗುವಾದ ಮೇಲೆ, ಒಂದು ಮಧ್ಯಾಹ್ನ ಹಿತ್ತಲಲ್ಲಿ ಅವರೆಕಾಳು ಹಿಸುಕುತ್ತಾ ಕೂತಿದ್ದಾಗ.

ಅತ್ತೆ ಸೊಪ್ಪು ಮಾರುತ್ತಿದ್ದಳು. ಹೆಬ್ಬಾಳ ಕೆರೆ ಏರಿಯ ಕೆಳಗೆ ಒಂದಿಷ್ಟು ತೋಟವಿತ್ತು. ದಂಟು, ಸಬ್ಬಸಿಗೆ, ಮೆಂತ್ಯ, ಕೀರೆ. ಬೆಳಕು ಹರಿಯುವ ಮೊದಲೇ ಕಿತ್ತು ಕಟ್ಟು ಕಟ್ಟಿ, ಮಂಕರಿಗೆ ತುಂಬಿ, ಒದ್ದೆ ಗೋಣಿ ಹೊದಿಸಿ, ತಲೆ ಮೇಲಿಟ್ಟುಕೊಂಡು ಗಂಗೇನಹಳ್ಳಿ, ಮಠದಹಳ್ಳಿ, ಜಯಮಹಲ್ ಕಡೆ ಹೊರಡುತ್ತಿದ್ದಳು. ಈಗ ಆರ್.ಟಿ. ನಗರ ಅನ್ನುವ ಜಾಗದಲ್ಲಿ ಆಗ ರಾಗಿ ಹೊಲಗಳ ನಡುವೆ ಅಲ್ಲೊಂದು ಇಲ್ಲೊಂದು ಮನೆ. ಗಂಡ ಮುನಿಯಲ್ಲಪ್ಪ ಅವಳ ಸೋದರಮಾವನೇ, ಅದೇ ಊರಿನವನು, ಮಾತು ಕಡಿಮೆಯ ಒಳ್ಳೆಯ ಮನುಷ್ಯ. ಅವರಿಗೆ ಮಕ್ಕಳಾಗಲಿಲ್ಲ. ಆದರೆ ತಾಯಿ ಸತ್ತಾಗ ಕೈಗೂಸಾಗಿದ್ದ ತಮ್ಮ ಪಿಳ್ಳಪ್ಪನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅತ್ತೆಯೇ. ಆ ಪಿಳ್ಳಪ್ಪ ನನ್ನ ಅಪ್ಪ.

ಊರಿಗೆಲ್ಲ ಅತ್ತೆ ಗೊತ್ತಿದ್ದದ್ದು ಸೊಪ್ಪಿಗಿಂತ ಹೆಚ್ಚಾಗಿ ಅವಳ ಅಳುವಿನಿಂದ. ನಮ್ಮ ಕಡೆ ಸಾವಾದರೆ ಹೆಂಗಸರು ಸುಮ್ಮನೆ ಅಳುವುದಿಲ್ಲ, ಹಾಡಿಕೊಂಡು ಅಳುತ್ತಾರೆ. ಸತ್ತವರ ಗುಣ, ಅವರ ಕೆಲಸ, ಅವರು ಕಟ್ಟಿದ ಮನೆ, ಸಾಕಿದ ದನ, ಬಿಟ್ಟು ಹೋದ ಮಕ್ಕಳು, ಎಲ್ಲವನ್ನೂ ಎಳೆದು ಎಳೆದು ಹೇಳುತ್ತಾರೆ. ಅತ್ತೆ ಹಾಡಿಕೊಂಡು ಅತ್ತರೆ ಸತ್ತವನ ಜೊತೆ ಮಾತು ಬಿಟ್ಟಿದ್ದವರೂ ಬಂದು ತಲೆ ಬಡಿದುಕೊಳ್ಳುತ್ತಿದ್ದರಂತೆ. ಅದನ್ನು ಅವಳಿಗೆ ಕಲಿಸಿದವಳು ಮಾರಕ್ಕ ಅನ್ನುವ ಮುದುಕಿ. ಕಲಿಸುವಾಗಲೇ ಮಾರಕ್ಕ ಒಂದು ಕಟ್ಟಳೆ ಹೇಳಿಕೊಟ್ಟಿದ್ದಳು. ಸಾವಿನ ಹಾಡನ್ನು ಹೆಣದ ಮುಂದೆ ಬಿಟ್ಟು ಬೇರೆಲ್ಲೂ ಬಾಯಿಗೆ ತರಬಾರದು. ಬದುಕಿರುವವರ ಹೊಸಿಲೊಳಗೆ ಆ ಹಾಡು ಬಿದ್ದರೆ ಅದು ಆ ಮನೆಯಲ್ಲಿ ತನಗೊಂದು ಹೆಣ ಹುಡುಕುತ್ತದೆ. ಹಾಡಿ ಬಂದವಳು ತಲೆಗೆ ನೀರು ಹಾಕಿಕೊಳ್ಳದೆ ಒಳಗೆ ಕಾಲಿಡಬಾರದು. ಅತ್ತೆ ರಾಗಿ ಬೀಸುವಾಗ ಕೂಡ ಆ ಧಾಟಿಯನ್ನು ಗುನುಗಿದವಳಲ್ಲ.

ಅಪ್ಪ ಊರಿನ ನೀರುಗಂಟಿ. ಕೆರೆಯ ತೂಬು ಎತ್ತಿ ಇಳಿಸಿ, ಯಾವ ಗದ್ದೆಗೆ ಎಷ್ಟು ನೀರು ಅಂತ ಬಿಡುವುದು ಅವನ ಕೆಲಸ. ಅರವತ್ತಾರನೇ ಇಸವಿಯ ಒಂದು ಬೆಳಿಗ್ಗೆ ತೂಬಿನ ಕಲ್ಲಿನ ಸಂದಿಗೆ ಕೈ ಹಾಕಿದಾಗ ಹಾವು ಕಚ್ಚಿತು. ಏರಿ ಮೇಲೆ ಹತ್ತಿ ಬರುವಷ್ಟರಲ್ಲಿ ಬಿದ್ದ. ಯಾರೋ ನೋಡಿ ಕೂಗಿದರು. ಅತ್ತೆ ತೋಟದಿಂದ ಓಡಿ ಬಂದಳು. ಅವಳು ಬರುವ ಹೊತ್ತಿಗೆ ಅಪ್ಪನ ಬಾಯಲ್ಲಿ ನೊರೆ, ಉಸಿರಿಲ್ಲ. ನಾನು ಆಗ ಅವ್ವನ ಹೊಟ್ಟೆಯಲ್ಲಿದ್ದೆ.

ಹೆಣವನ್ನು ಮನೆಗೆ ತರುವವರೆಗೂ ಅತ್ತೆ ಕಾಯಲಿಲ್ಲ. ಏರಿ ಮೇಲೆಯೇ ತಮ್ಮನ ತಲೆ ತೊಡೆ ಮೇಲಿಟ್ಟುಕೊಂಡು ಹಾಡಿಕೊಂಡು ಅತ್ತಳು.

"ತೂಬೆತ್ತೋ ಕೈಯಿ ತಣ್ಣಗಾಯ್ತಲ್ಲೋ ನನ್ನಪ್ಪಾ, ಊರಿಗೆಲ್ಲ ನೀರು ಬಿಟ್ಟು ನೀ ಒಣಗಿ ಮಲಗಿದ್ಯಲ್ಲೋ, ಎದ್ದೇಳೋ ನನ್ನ ತಮ್ಮಾ, ಎದ್ದೇಳೋ..."

ಜನ ಸೇರಿದರು. ಮಾರಕ್ಕ ಓಡಿ ಬಂದು ಅತ್ತೆಯ ಭುಜ ಹಿಡಿದು ಕೂತಳು. ಆ ಜನರ ಹಿಂದೆ, ಹೊಂಗೆ ಮರದ ಕೆಳಗೆ, ಒಬ್ಬ ಬಿಳಿಯ ಹುಡುಗ ನಿಂತಿದ್ದ. ಉದ್ದ ಕೂದಲು, ಕಾಲಿಗೆ ಟೈರ್ ಚಪ್ಪಲಿ, ಹೆಗಲಿಗೆ ಒಂದು ಚರ್ಮದ ಪೆಟ್ಟಿಗೆ. ಕೆಲವು ದಿನಗಳಿಂದ ಕೆರೆಯ ಹತ್ತಿರ ಓಡಾಡಿಕೊಂಡಿದ್ದವನು. ಹಕ್ಕಿಗಳ ಕೂಗನ್ನು ಆ ಪೆಟ್ಟಿಗೆಯೊಳಗೆ ಹಿಡಿಯುತ್ತಾನೆ ಎಂದು ದನ ಕಾಯುವವರು ಹೇಳುತ್ತಿದ್ದರು, ಜನ ನಗುತ್ತಿದ್ದರು. ಅವತ್ತು ಅವನು ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ, ಕೈ ಮುಗಿದು ನಿಂತಿದ್ದ. ಅತ್ತೆ ಆ ಸಂಕಟದಲ್ಲೂ ಅದನ್ನು ನೋಡಿದ್ದಳು. ಯಾವ ದೇಶದವನೋ ಏನೋ, ನನ್ನ ತಮ್ಮನಿಗೆ ಕೈ ಮುಗಿದ, ಪುಣ್ಯಾತ್ಮ ಎಂದು ಆಮೇಲೆ ಎಷ್ಟೋ ಸಲ ಹೇಳಿಕೊಂಡಳಂತೆ.

ಅಪ್ಪನ ಗುಡ್ಡೆಗೆ ಹಾಲುತುಪ್ಪ ಬಿಟ್ಟದ್ದೂ ಮುಗಿಯಿತು. ನಾನು ಹುಟ್ಟಿದೆ. ಮಾರನೇ ವರ್ಷ ಮಾರಕ್ಕ ಸತ್ತಳು. ಅತ್ತೆ ಅವಳಿಗೂ ಹಾಡಿಕೊಂಡು ಅತ್ತು, ಮತ್ತೆ ಮಂಕರಿ ಎತ್ತಿಕೊಂಡಳು.

ಮಠದಹಳ್ಳಿಯ ಪಕ್ಕದಲ್ಲಿ ಖಾದರ್ ಬಾಷಾ ಸಾಬರ ಮನೆ. ಅವರು ಹೆಬ್ಬಾಳ ಕೆರೆಯ ಮೀನಿನ ಗುತ್ತಿಗೆ ಹಿಡಿಯುತ್ತಿದ್ದವರು. ನೀರು ಎಷ್ಟಿದೆ, ಬಲೆ ಯಾವಾಗ ಇಳಿಸಬಹುದು ಅಂತ ಕೇಳಲು ನನ್ನ ಅಪ್ಪನ ಹತ್ತಿರ ಬರುತ್ತಿದ್ದರು, ಆದ್ದರಿಂದ ಪರಿಚಯ ಹಳೆಯದು. ಅವರ ಮಗ ಅನ್ವರ್ ಹಡಗಿನಲ್ಲಿ ಕೆಲಸಕ್ಕಿದ್ದ. ಮಗಳು ಕನೀಜ್ ಕಾಲೇಜಿಗೆ ಹೋಗುತ್ತಿದ್ದಳು. ಕನೀಜಳಿಗೆ ಇಂಗ್ಲಿಷ್ ಹಾಡಿನ ಹುಚ್ಚು. ಮನೆಯ ನಡುಮನೆಯಲ್ಲಿ ಬೀರುವಿನಷ್ಟು ದೊಡ್ಡ, ಪ್ಲೇಟು ಹಾಕುವ ರೇಡಿಯೋಗ್ರಾಂ. ಅನ್ವರ್ ರಜೆಗೆ ಬಂದಾಗಲೆಲ್ಲ ಹೊಸ ಪ್ಲೇಟು ತರುತ್ತಿದ್ದ. ಅವನಿಲ್ಲದಾಗ ಕನೀಜ್ ಬ್ರಿಗೇಡ್ ರಸ್ತೆಯ ಅಂಗಡಿಯಲ್ಲಿ ಹೊಸದು ಬಂತಾ ಅಂತ ಹೋಗಿ ನೋಡಿಕೊಂಡು ಬರುತ್ತಿದ್ದಳು.

ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಮಂಕರಿ ಇಳಿಸಿ ಸೊಪ್ಪು ಆರಿಸಿ ಕೊಡುವಾಗ ಒಳಗಿನಿಂದ ಹಾಡು ಬರುತ್ತಿತ್ತು. ಕನೀಜ್ ಬಾಗಿಲಿಗೆ ಒರಗಿ ನಿಂತು, ಇದು ಟ್ವಿಸ್ಟು, ಇದು ಲಿವರ್‌ಪೂಲ್ ಅನ್ನುವ ಊರಿನ ನಾಲ್ಕು ಹುಡುಗರದ್ದು, ಇದು ಹೋದ ತಿಂಗಳು ಲಂಡನ್ನಿನಲ್ಲಿ ಬಿಡುಗಡೆ ಆಯ್ತು, ಅಂಗಡಿ ಬಾಗಿಲು ತೆಗೆಯೋ ಮೊದಲೇ ಜನ ಸಾಲು ನಿಂತಿದ್ರಂತೆ ಅಂತ ವಿವರಿಸುತ್ತಿದ್ದಳು. ಅತ್ತೆಗೆ ಅದೊಂದು ತಮಾಷೆ.

"ಯಾಕಮ್ಮಣ್ಣಿ, ಇವನಿಗೇನು ಚೇಳು ಕಚ್ಚೈತಾ?"

"ಇಲ್ಲ ಸೊಪ್ಪಿನಮ್ಮ, ಹುಡುಗಿ ಕೈ ಕೊಟ್ಲಂತೆ."

"ಅಷ್ಟಕ್ಕೇ ಇಂಗೆ ಕಿರುಚ್ಕೋಬೇಕಾ? ನಮ್ಮೂರಲ್ಲಾಗಿದ್ರೆ ಇನ್ನೊಂದು ನೋಡೋರು."

ಬರಬರುತ್ತಾ ಪ್ಲೇಟುಗಳು ಬದಲಾದವು. ಚಿಕ್ಕವು ಹೋಗಿ ತಟ್ಟೆಯಗಲದ ದೊಡ್ಡವು ಬಂದವು. ಅದರೊಳಗೆ ಇಂಗ್ಲಿಷ್ ಹುಡುಗರು ಸಿತಾರ್ ನುಡಿಸತೊಡಗಿದರು. ರೈಲಿನ ಸದ್ದು, ಮಳೆ, ನಾಯಿ ಬೊಗಳುವುದು, ಸಂತೆಯ ಗದ್ದಲ, ಏನೇನನ್ನೋ ಹಾಡಿನೊಳಗೆ ಸೇರಿಸುತ್ತಿದ್ದರು. ಇದೇ ಈಗಿನ ಫ್ಯಾಷನ್ನು ಅಂತ ಕನೀಜ್ ಹೇಳುತ್ತಿದ್ದಳು. ಅತ್ತೆ ತಲೆ ಅಲ್ಲಾಡಿಸಿ ಸೊಪ್ಪಿನ ಕಾಸು ಸೆರಗಿಗೆ ಕಟ್ಟಿಕೊಂಡು ಹೊರಡುತ್ತಿದ್ದಳು.

ಅರವತ್ತೆಂಟರಲ್ಲಿ ಅನ್ವರ್ ರಜೆಗೆ ಬಂದ. ಒಂದು ಭಾನುವಾರ ಬೆಳಿಗ್ಗೆ ಅತ್ತೆ ಸಾಬರ ಮನೆಯ ಹಿತ್ತಲಿಗೆ ಹೋದಾಗ ಒಳಗೆ ಗದ್ದಲ. ಅನ್ವರನ ಗೆಳೆಯರು ಕಂಟೋನ್ಮೆಂಟ್ ಕಡೆಯಿಂದ ಸೈಕಲ್ಲಿನಲ್ಲಿ ಬಂದಿದ್ದರು. ನಡುಮನೆಯ ಕುರ್ಚಿಗಳನ್ನೆಲ್ಲ ಗೋಡೆಗೆ ಸರಿಸಿ ಕುಣಿಯುತ್ತಿದ್ದರು. ಕನೀಜ್ ರೇಡಿಯೋಗ್ರಾಂ ಪಕ್ಕದಲ್ಲಿ ಕೂತು ಪ್ಲೇಟು ಬದಲಿಸುತ್ತಿದ್ದಳು. ಅತ್ತೆಯನ್ನು ನೋಡಿ ಅಲ್ಲಿಂದಲೇ ಕೂಗಿದಳು.

"ಬನ್ನಿ ಸೊಪ್ಪಿನಮ್ಮ, ಕೇಳಿ. ಭಾಯ್ ಲಂಡನ್ನಿಂದ ತಂದಿದ್ದು. ಹೋದ ತಿಂಗಳಷ್ಟೇ ಬಿಡುಗಡೆ. ಬೆಂಗಳೂರಲ್ಲಿ ಇನ್ಯಾರ ಹತ್ರಾನೂ ಇಲ್ಲ."

ಅತ್ತೆ ಬಾಗಿಲ ಚೌಕಟ್ಟಿಗೆ ಕೈ ಇಟ್ಟು ನಿಂತಳು. ಮೊದಲು ಹಕ್ಕಿಗಳ ಸದ್ದು ಬಂತು, ನೀರುಕೋಳಿಗಳದ್ದು. ಆಮೇಲೆ ಡ್ರಮ್ಮು ಶುರುವಾಯಿತು. ಗಿಟಾರು ಗುಂಯ್‌ಗುಟ್ಟಿತು. ಅದರ ನಡುವೆ, ಬಾವಿಯೊಳಗಿನಿಂದ ಬಂದಂತೆ, ಒಬ್ಬ ಹೆಂಗಸಿನ ಕೂಗು. ಒಂದೇ ಮಾತು ಮತ್ತೆ ಮತ್ತೆ, ಡ್ರಮ್ಮಿನ ಏಟಿಗೆ ಸರಿಯಾಗಿ. ಕುಣಿಯುತ್ತಿದ್ದ ಹುಡುಗರು ಕೈ ಮೇಲೆತ್ತಿ ಅದನ್ನೇ ಕೂಗಿದರು.

"ಯೆಡ್ಡೇಲೋ! ಯೆಡ್ಡೇಲೋ! ಯೆಡ್ಡೇಲೋ!"

ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಎದ್ದೇಳೋ. ಯಾರೋ ಯಾರನ್ನೋ ಎದ್ದೇಳು ಅನ್ನುತ್ತಿದ್ದಾರೆ, ಇದು ಸಾವಿನ ಧಾಟಿ. ಯಾವ ತಾಯಿ, ಯಾರ ಮನೆಯ ಸಾವು ಎಂದುಕೊಂಡಳು. ತನ್ನ ದನಿಯನ್ನು ಹೊರಗಿನಿಂದ ಅವಳು ಒಂದು ದಿನವೂ ಕೇಳಿದವಳಲ್ಲ, ಗುರುತು ಹತ್ತುವುದಾದರೂ ಹೇಗೆ? ಅಷ್ಟರಲ್ಲಿ ಡ್ರಮ್ಮು ಸಣ್ಣದಾಯಿತು. ದನಿ ಬಿಡಿಸಿಕೊಂಡು ಬಂತು. "ತೂಬೆತ್ತೋ ಕೈಯಿ..." ಅಂತು. ಅದು ಅವಳೇ ಕಟ್ಟಿದ ಮಾತು. ಆಮೇಲೆ ಡ್ರಮ್ಮು ಪೂರ್ತಿ ನಿಂತಿತು. ಆ ಮೌನದಲ್ಲಿ ಇನ್ನೊಂದು ದನಿ, ಮುದುಕಿಯದು, ಕಿವಿಯ ಪಕ್ಕದಲ್ಲೇ ಕೂತು ಹೇಳಿದಷ್ಟು ಸ್ಪಷ್ಟವಾಗಿ ಹೇಳಿತು.

"ಅಳಬ್ಯಾಡ ಕಣೇ ಮುನಿಕೆಂಪೀ, ಅಳಬ್ಯಾಡ."

ಅದು ಮಾರಕ್ಕ. ಹೋದ ವರ್ಷ ಸತ್ತು ಮಣ್ಣಾದ ಮಾರಕ್ಕ.

ಅತ್ತೆ ಚೀರಿದ ಚೀರಿಗೆ ಕುಣಿಯುತ್ತಿದ್ದವರು ಕಾಲು ಎತ್ತಿದವರು ಎತ್ತಿದಂತೆಯೇ ನಿಂತರು. ಮಂಕರಿ ಉರುಳಿ ಸೊಪ್ಪೆಲ್ಲ ನಡುಮನೆಯ ತುಂಬ ಚೆಲ್ಲಿತು.

"ನಿಲ್ಸಮ್ಮಾ! ನಿಲ್ಸು ಅದನ್ನ! ನಿನ್ನ ಕಾಲಿಗೆ ಬೀಳ್ತೀನಿ ನಿಲ್ಸು!"

ಕನೀಜ್ ಗಾಬರಿಯಿಂದ ಪ್ಲೇಟಿನ ಮೇಲಿದ್ದ ಮುಳ್ಳನ್ನು ಎತ್ತಿದಳು. ಅತ್ತೆ ಚೌಕಟ್ಟು ಹಿಡಿದುಕೊಂಡೇ ಕುಸಿದಳು. ಯಾರೋ ನೀರು ತಂದರು. ಕುಡಿಯಲಿಲ್ಲ. ಕನೀಜಳ ಕೈ ಹಿಡಿದುಕೊಂಡು, "ಅದು ನಾನು ಕಣಮ್ಮಣ್ಣಿ. ನನ್ನ ತಮ್ಮ ಸತ್ತಾಗ ನಾನತ್ತಿದ್ದು. ಮಾರಕ್ಕ ಅವ್ಳೆ ಅದ್ರೊಳಗೆ. ನನ್ನ ಹೆಸರಿಡಿದು ಕರೆದ್ಲು, ಕೇಳಿಸ್ಲಿಲ್ವಾ?" ಅಂದಳು.

ಕನೀಜಳ ಮುಖ ಬಿಳಿಚಿಕೊಂಡಿತು. ವಾರದಿಂದ ದಿನಕ್ಕೆ ಎಷ್ಟೋ ಸಲ ಆ ಹಾಡು ಹಾಕಿದ್ದಳು. ಆ ಕೂಗನ್ನು ಯಾವುದೋ ಅರಬ್ ದೇಶದ ಮಂತ್ರ ಅಂದುಕೊಂಡಿದ್ದಳು. ಮನೆ ಬಾಗಿಲಿಗೆ ಬರುವ ಸೊಪ್ಪಿನಮ್ಮನ ಭಾಷೆ, ತಾನೂ ದಿನವೂ ಆಡುವ ಭಾಷೆ, ಲಂಡನ್ನಿನ ಪ್ಲೇಟಿನೊಳಗೆ ಇರಬಹುದೆಂದು ಅವಳು ಕಿವಿಗೊಟ್ಟು ಕೇಳಿದವಳಲ್ಲ. ಅನ್ವರ್ ಪ್ಲೇಟಿನ ಹೊದಿಕೆ ತಿರುಗಿಸಿ ನೋಡಿದ. ಮೂಲೆಯಲ್ಲಿ, ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದಲ್ಲಿ, ಇಂಡಿಯಾದ ಒಂದು ಕೆರೆಯ ದಂಡೆಯಲ್ಲಿ ಹಿಡಿದ ಶಬ್ದಗಳು ಅಂತಷ್ಟೇ ಇತ್ತು. ಯಾವ ಕೆರೆ, ಯಾರ ಶಬ್ದ ಎಂದಿರಲಿಲ್ಲ. ಅತ್ತೆ ಹೊಂಗೆ ಮರದ ಕೆಳಗಿದ್ದ ಹುಡುಗನ ವಿಷಯ ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳಿಗೇ ಅರ್ಥವಾಯಿತು. ಕೈ ಮುಗಿದು ನಿಂತಿದ್ದನಲ್ಲ, ಆಗ ಪೆಟ್ಟಿಗೆಯ ಬಾಯಿ ತೆಗೆದಿತ್ತು.

ಗದ್ದಲಕ್ಕೆ ಖಾದರ್ ಬಾಷಾ ಸಾಬರು ಒಳಕೋಣೆಯಿಂದ ಬಂದರು. ಕನೀಜ್ ಅಳುತ್ತಾ ಎಲ್ಲ ಹೇಳಿದಳು.

"ನಮ್ಮ ಪಿಳ್ಳಪ್ಪಂದಾ?" ಅಂದರು ಸಾಬರು. "ನಮ್ಮ ಪಿಳ್ಳಪ್ಪನ ಮಯ್ಯತ್ತಿಗೆ, ಅವನ ಸಾವಿಗೆ, ಈ ಮನೇಲಿ ಡ್ಯಾನ್ಸ್ ಮಾಡಿದ್ರಾ?"

ರೇಡಿಯೋಗ್ರಾಂ ಮೇಲಿಂದ ಪ್ಲೇಟನ್ನು ಕಿತ್ತುಕೊಂಡು ಮೊಣಕಾಲಿಗೆ ಹಾಕಿ ಒತ್ತಿದರು. ಹಳೆಯ ಕಾಲದ ಪ್ಲೇಟಾಗಿದ್ದರೆ ಹಪ್ಪಳದ ಹಾಗೆ ಚೂರಾಗುತ್ತಿತ್ತು. ಇದು ಚಪ್ಪಲಿಯ ಅಟ್ಟೆಯ ಹಾಗೆ ಬಗ್ಗಿತು, ಬಿಟ್ಟರೆ ಮತ್ತೆ ನೆಟ್ಟಗಾಯಿತು. ಸಾಬರು ಮತ್ತೆ ಒತ್ತಲು ಹೋದಾಗ ಅತ್ತೆ ಎದ್ದು ಅವರ ಕೈ ಹಿಡಿದಳು. ಗಂಡಸಿನ ಕೈಯನ್ನು, ಅದೂ ಸಾಬರ ಕೈಯನ್ನು, ಹಾಗೆ ಹಿಡಿದದ್ದು ಅವಳಿಗೆ ಆಮೇಲೆ ನೆನೆದರೇ ನಾಚಿಕೆ.

"ಮುರೀಬ್ಯಾಡಿ ಸಾಬ್ರೇ. ಮಾರಕ್ಕ ಅವ್ಳೆ ಅದ್ರೊಳಗೆ. ಅವಳ ದನಿ ಇನ್ನೆಲ್ಲೂ ಇಲ್ಲ."

ಸಾಬರು ಪ್ಲೇಟನ್ನು ಬಟ್ಟೆಯಲ್ಲಿ ಸುತ್ತಿ, ತಾವೇ ಒಳಗೆ ಒಯ್ದು ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅನ್ವರ್ ಸಿಟ್ಟಿನಿಂದ ಕುದಿಯುತ್ತಿದ್ದ. ಆ ಕಂಪೆನಿಯವರ ಮೇಲೆ ಕೇಸು ಹಾಕಬೇಕು, ಇವರಿಗೆ ನ್ಯಾಯ ಕೊಡಿಸಬೇಕು ಎಂದ. ಅತ್ತೆಗೆ ಅದು ಯಾವುದೂ ಕಿವಿಗೆ ಬೀಳಲಿಲ್ಲ. ಅವಳ ತಲೆಯಲ್ಲಿ ಬೇರೆಯದೇ ಓಡುತ್ತಿತ್ತು.

"ಅಪ್ಪಾ, ಇಂಥ ಪ್ಲೇಟು ಇನ್ನೊಂದು ಐತಾ?"

"ಇನ್ನೊಂದಾ? ಲಕ್ಷಗಟ್ಟಲೆ ಇದೆಯಮ್ಮ. ಅಲ್ಲಿ ಅಂಗಡಿ ಅಂಗಡೀಲೂ ಇದೆ, ಮನೆ ಮನೇಲೂ ಹಾಕ್ತಾರೆ. ಹಿಟ್ ಆಗಿದೆ."

"ಮನೆ ಒಳಗಾ?"

"ಮನೆ ಒಳಗೇ."

ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಲಕ್ಷ ಮನೆಯ ಹೊಸಿಲು ದಾಟಿ ಅವಳ ಸಾವಿನ ಹಾಡು ಒಳಗೆ ಹೋಗಿದೆ. ಗಂಡ ಹೆಂಡತಿ ಮಕ್ಕಳು ಚೆನ್ನಾಗಿರುವ ಮನೆಗಳು. ತೊಟ್ಟಿಲು ಇರುವ ಮನೆಗಳು. ಯಾವ ದೇಶವೋ, ಯಾರ ಮಕ್ಕಳೋ. ಏನೂ ತಿಳಿಯದೆ ಅದಕ್ಕೆ ಕುಣಿಯುತ್ತಿದ್ದಾರೆ. ಅಷ್ಟು ಮನೆಗಳಿಗೆ ಹೋಗಿ ನೀರು ಹಾಕಿಕೊಳ್ಳಿ, ಬಾಗಿಲು ತೊಳೆಯಿರಿ ಅಂತ ಹೇಳುವವರು ಯಾರು? ಅವತ್ತು ಸಾಬರ ಮನೆಯೊಂದನ್ನಾದರೂ ಶುದ್ಧ ಮಾಡಿಸದೆ ಬಿಡಲಿಲ್ಲ. ಕನೀಜಳ ತಾಯಿಗೆ ಹೇಳಿ ನಡುಮನೆ ತೊಳೆಸಿದಳು, ಎಲ್ಲರಿಗೂ ಸ್ನಾನ ಮಾಡಲು ಹೇಳಿದಳು. ಸಾಬರು ಅದಕ್ಕೆ ಎದುರಾಡದೆ ಹಾಗೇ ಮಾಡಿದರಂತೆ.

"ಇದನ್ನ ಯಾರಿಗೂ ಹೇಳ್ಬ್ಯಾಡಿ," ಅಂತ ಕೇಳಿಕೊಂಡು ಬರಿ ಮಂಕರಿ ಹೊತ್ತು ಬಂದಳು.

ಅವತ್ತಿನಿಂದ ಅತ್ತೆಯ ಗಂಟಲು ಕಟ್ಟಿತು. ಊರಿನಲ್ಲಿ ಸಾವಾದರೆ ಕರೆಯಲು ಬರುತ್ತಿದ್ದರು. ಹೋಗುತ್ತಿದ್ದಳು. ಹೆಣದ ಮುಂದೆ ಕೂತು ಬಾಯಿ ತೆಗೆದರೆ ದನಿ ಹೊರಡುತ್ತಿರಲಿಲ್ಲ. ಕಣ್ಣು ಮಾತ್ರ ಜನರ ಹಿಂದೆ ಹಿಂದೆ ಹುಡುಕುತ್ತಿತ್ತು, ಯಾರಾದರೂ ಹೆಗಲಿಗೆ ಪೆಟ್ಟಿಗೆ ಹಾಕಿಕೊಂಡು ನಿಂತಿದ್ದಾರಾ ಅಂತ. ಮುನಿಕೆಂಪಮ್ಮನಿಗೆ ಜಂಬ ಬಂದಿದೆ ಎಂದರು ಕೆಲವರು. ತಮ್ಮ ಸತ್ತ ಮೇಲೆ ಕಲ್ಲಾಗಿದ್ದಾಳೆ ಎಂದರು ಇನ್ನು ಕೆಲವರು. ಮುನಿಯಲ್ಲಪ್ಪ ಮಾವ ಒಂದು ಮಾತೂ ಕೇಳಲಿಲ್ಲ. ರಾತ್ರಿ ಅವಳು ಬೆಚ್ಚಿ ಎದ್ದಾಗ ಬೆನ್ನು ಸವರುತ್ತಿದ್ದ.

ಮುಂದಿನ ವರ್ಷ ನಮ್ಮ ಪಕ್ಕದ ಬೀದಿಯ ಚಿಕ್ಕಮುನಿಯಪ್ಪ ತನ್ನ ಮಗಳು ಗೋಪಾಲಮ್ಮನ ಮದುವೆ ಮಾಡಿದ. ಗಂಡು ಗೊರಗುಂಟೆಪಾಳ್ಯದವನು, ಜಾಲಹಳ್ಳಿ ಕಡೆ ಫ್ಯಾಕ್ಟರಿಯಲ್ಲಿ ಕೆಲಸ. ಮನೆ ಮುಂದೆ ದೊಡ್ಡ ಚಪ್ಪರ. ಯಶವಂತಪುರದಿಂದ ಮೈಕ್ ಸೆಟ್ ತರಿಸಿ ಹುಣಿಸೆ ಮರಕ್ಕೆ ಹಾರನ್ ಕಟ್ಟಿದ್ದರು. ಅತ್ತೆ ಹೆಂಗಸರ ನಡುವೆ ಕೂತು ತಾಂಬೂಲಕ್ಕೆ ಎಲೆ ಜೋಡಿಸುತ್ತಿದ್ದಳು. ಹೆಣ್ಣನ್ನು ಹಸೆಗೆ ಕರೆತಂದು ಕೂರಿಸಿದರು. ಓಲಗದವರು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದರು. ಆಗ ಗಂಡಿನ ಜೊತೆ ಬಂದಿದ್ದ ಫ್ಯಾಕ್ಟರಿ ಹುಡುಗರಲ್ಲೊಬ್ಬ ಮೈಕಿನವನಿಗೆ ಒಂದು ಚಿಕ್ಕ ಪ್ಲೇಟು ಕೊಟ್ಟ.

"ಇದನ್ನ ಹಾಕು ಗುರು. ಲೇಟೆಸ್ಟು. ಈಗ ನಮ್ಮ ದೇಶದಲ್ಲೂ ಬಿಟ್ಟವ್ರೆ, ನಿನ್ನೆ ಬ್ರಿಗೇಡ್ ರೋಡಲ್ಲಿ ತಗೊಂಡೆ."

ಹಾರನ್ನಿನಿಂದ ನೀರುಕೋಳಿಗಳ ಸದ್ದು ಬಂತು.

ಅತ್ತೆಯ ಕೈಯಲ್ಲಿದ್ದ ಎಲೆ ಕೈಯಲ್ಲೇ ಉಳಿಯಿತು. ಡ್ರಮ್ಮು ಶುರುವಾಯಿತು. ಎದ್ದೇಳೋ, ಎದ್ದೇಳೋ. ಚಪ್ಪರದ ತುಂಬ ಜನ ಮಾತಾಡುತ್ತಿದ್ದರು, ಮಕ್ಕಳು ಓಡಾಡುತ್ತಿದ್ದವು. ಹಾರನ್ನಿನ ಕಿರುಚಾಟದಲ್ಲಿ ಅದು ಯಾರಿಗೂ ಮಾತಾಗಿ ಕೇಳಿಸಲಿಲ್ಲ. ಆದರೆ ಮುಂದೆ ಏನು ಬರುತ್ತದೆ ಅಂತ ಅವಳೊಬ್ಬಳಿಗೆ ಗೊತ್ತಿತ್ತು. ಡ್ರಮ್ಮು ನಿಲ್ಲುತ್ತದೆ. ಮಾರಕ್ಕ ಬಾಯಿ ಬಿಡುತ್ತಾಳೆ. ಮಾರಕ್ಕನ ದನಿ ಗೊತ್ತಿಲ್ಲದವರು ಆ ಚಪ್ಪರದಲ್ಲಿ ಯಾರಿದ್ದಾರೆ?

ನಿಲ್ಲಿಸಿ, ಅದು ಸಾವಿನ ಹಾಡು ಎಂದು ಕೂಗಿದರೆ ಮದುವೆ ಅಲ್ಲಿಗೇ ಮುರಿಯುತ್ತಿತ್ತು. ಹಸೆ ಮೇಲೆ ಹೆಣದ ಹಾಡು ಕೇಳಿದ ಹೆಣ್ಣು ಅಂತ ಗೋಪಾಲಮ್ಮನ ಹಣೆಗೆ ಬರೆದಂತಾಗುತ್ತಿತ್ತು. ಸುಮ್ಮನಿದ್ದರೆ ಮಾರಕ್ಕನೇ ಹೇಳಿಬಿಡುತ್ತಾಳೆ.

ಅತ್ತೆ ಎದ್ದು ನಿಂತಳು. ವರ್ಷದಿಂದ ಕಟ್ಟಿದ್ದ ಗಂಟಲು ಹೇಗೆ ಬಿಚ್ಚಿತೋ ಅವಳಿಗೇ ಗೊತ್ತಿಲ್ಲ. ಚಪ್ಪರದ ಆ ತುದಿಗೆ ಕೇಳುವ ಹಾಗೆ ಸೋಬಾನೆ ಎತ್ತಿಕೊಂಡಳು.

"ಹಸೆಗೆ ಬಾರವ್ವ ಹಸಿರು ಬಳೆಯವಳೇ, ಸೋಬಾನೇ! ತುಂಬಿದ ಕೆರೆಯಂಗೆ ಬಾಳವ್ವ ನಮ್ಮ ಮಗಳೇ, ಸೋಬಾನೇ!"

ಜನ ಬೆಚ್ಚಿ ತಿರುಗಿದರು. ಸಾವಿನ ಮನೆಯಲ್ಲೂ ಬಾಯಿ ಬಿಡದ ಮುನಿಕೆಂಪಮ್ಮ ಮದುವೆ ಚಪ್ಪರದ ನಡುವೆ ಕಣ್ಣು ಕೆಂಪಗೆ ಮಾಡಿಕೊಂಡು, ಕತ್ತಿನ ನರ ಉಬ್ಬಿಸಿಕೊಂಡು ಹಾಡುತ್ತಿದ್ದಾಳೆ. ಪಕ್ಕದಲ್ಲಿದ್ದ ಬೈರಮ್ಮ ಅನ್ನುವ ಹೆಂಗಸಿನ ತೋಳು ಹಿಡಿದು ಎಬ್ಬಿಸಿದಳು. "ಹೇಳೇ, ನೀನೂ ಹೇಳೇ!" ಬೈರಮ್ಮ ದನಿಗೂಡಿಸಿದಳು. ಅವಳ ಹಿಂದೆ ನಾಲ್ಕು, ಆಮೇಲೆ ಹೆಂಗಸರೆಲ್ಲ. ಗಂಡಿನ ಕಡೆಯ ಹಿರಿಯನೊಬ್ಬ ಎದ್ದು ನಿಂತು ಬೈದ.

"ಯಾರಮ್ಮ ಅದು? ಮೈಕಲ್ಲಿ ಪ್ಲೇಟು ಹಾಕಿರೋವಾಗ ಮಧ್ಯ ಬಾಯಿ ಹಾಕೋದು? ಮಾನ ಮರ್ಯಾದೆ ಬೇಡ್ವಾ?"

ಅತ್ತೆ ನಿಲ್ಲಿಸಲಿಲ್ಲ. ಹಾರನ್ನಿನಲ್ಲಿ ಡ್ರಮ್ಮು ನಿಂತಿತು. ಆ ಗಳಿಗೆಗೆ ಅವಳು ಸೋಬಾನೆಯನ್ನು ಎಷ್ಟು ಎತ್ತರಕ್ಕೆ ಒಯ್ದಳೆಂದರೆ ದನಿ ಒಡೆದು ಎರಡಾಯಿತಂತೆ. ಮಾರಕ್ಕ ಹೇಳಿದ್ದು ಹೆಂಗಸರ ಸೋಬಾನೆಯೊಳಗೆ ಮುಳುಗಿಹೋಯಿತು. ಪ್ಲೇಟು ಮುಗಿಯಿತು. ಮೈಕಿನವನು ಬೇರೆ ಹಾಡು ಹಾಕಿದ. ಅತ್ತೆ ಚಪ್ಪರದಿಂದ ಹೊರಗೆ ಬಂದಳು. ಆ ಹುಡುಗನನ್ನು ಪಕ್ಕಕ್ಕೆ ಕರೆದು, ಏನೇನೋ ಹೇಳಿ ಕಾಡಿ ಬೇಡಿ ಆ ಪ್ಲೇಟು ಇಸಿದುಕೊಂಡು ಬಂದಳು. ಅದನ್ನೂ ಸಾಬರ ಬೀರುವಿಗೇ ಕಳಿಸಿದಳು.

ಮದುವೆ ನಡೆಯಿತು, ಗೋಪಾಲಮ್ಮ ಗೊರಗುಂಟೆಪಾಳ್ಯಕ್ಕೆ ಹೋದಳು. ಅತ್ತೆಯ ಜೀವ ಅವಳ ಹಿಂದೆಯೇ ಹೋಯಿತು. ಸೊಪ್ಪು ಮಾರಲು ಗಂಗೇನಹಳ್ಳಿ ಕಡೆ ಹೋಗುತ್ತಿದ್ದವಳು ವಾರಕ್ಕೊಮ್ಮೆ ಗೊರಗುಂಟೆಪಾಳ್ಯದ ದಾರಿ ಹಿಡಿದಳು. ಅಷ್ಟು ದೂರ, ಅಲ್ಲಿ ಒಂದು ಕಟ್ಟು ಸೊಪ್ಪು ಕೊಡಲು. ಹೋದವಳು ಮೊದಲು ಬಾಗಿಲಲ್ಲಿ ನಿಂತು ಗೋಪಾಲಮ್ಮನ ಹಣೆ, ಕೈಯ ಬಳೆ ನೋಡುತ್ತಿದ್ದಳು. ಆಮೇಲೆ ಮಾತು. ಗೋಪಾಲಮ್ಮನ ಮೊದಲ ಮಗುವಿಗೆ ಜ್ವರ ಬಂದಾಗ ಅಲ್ಲೇ ಮೂಲೆಯಲ್ಲಿ ಕೂತು ಅನ್ನ ಮುಟ್ಟಲಿಲ್ಲ. ಅವಳ ಗಂಡನ ಬೆರಳು ಮಿಷಿನ್ನಿಗೆ ಸಿಕ್ಕಿ ತುಂಡಾದ ಸುದ್ದಿ ಕೇಳಿದಾಗ ನೆಲಕ್ಕೆ ಬಿದ್ದು ಪ್ರಜ್ಞೆ ತಪ್ಪಿದಳು. ಬೆರಳು ಹೋಯಿತು, ಮನುಷ್ಯ ಉಳಿದ. ಅತ್ತೆ ಊರಮ್ಮನಿಗೆ ತಂಬಿಟ್ಟಿನ ಆರತಿ ಮಾಡಿದಳು. ಇದೆಲ್ಲ ಯಾಕೆ ಅಂತ ನಮಗೆ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಮಕ್ಕಳಿಲ್ಲದವಳು, ಯಾರದೋ ಮಗಳನ್ನು ಹಚ್ಚಿಕೊಂಡಿದ್ದಾಳೆ ಎಂದುಕೊಂಡಿದ್ದೆವು.

ಗೋಪಾಲಮ್ಮನಿಗೆ ಮೂರು ಮಕ್ಕಳಾದವು, ಎಲ್ಲವೂ ಬದುಕಿದವು. ಅವಳ ತಲೆ ಕೂದಲು ಬೆಳ್ಳಗಾಯಿತು. ಆಗಲೂ ಅತ್ತೆಗೆ ಸಮಾಧಾನವಿಲ್ಲ. ನನಗೆ ಈ ಕಥೆ ಹೇಳಿದ ದಿನ ಕೊನೆಗೆ, "ಅವಳಿಗೇನಾದ್ರೂ ಆದ್ರೆ ಅದು ನನ್ನ ಬಾಯಿಂದ್ಲೇ ಆಗಿದ್ದು ಕಣೇ. ಅವಳಿಗೆ ಮಾತ್ರ ಹೇಳ್ಬ್ಯಾಡ. ಪಾಪ, ನೆಮ್ಮದಿಯಾಗವ್ಳೆ," ಅಂದಳು.

ಅತ್ತೆ ಹೋದದ್ದು ಒಂದು ಮಾಘ ಮಾಸದಲ್ಲಿ, ನಿದ್ದೆಯಲ್ಲೇ. ಹೇಳಿ ಕಳಿಸಬೇಕಾದವರಿಗೆಲ್ಲ ಹೇಳಿಕಳಿಸಿ, ಗೊರಗುಂಟೆಪಾಳ್ಯಕ್ಕೆ ನಾನೇ ಹೋದೆ. ಗೋಪಾಲಮ್ಮ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದಳು. ನನ್ನ ಮುಖ ನೋಡಿದ ಕೂಡಲೇ ಮೊರ ಕೆಳಗಿಟ್ಟಳು. ಇಬ್ಬರೂ ಸ್ವಲ್ಪ ಹೊತ್ತು ಅತ್ತೆವು. ಇನ್ನು ಹೇಳಿದರೆ ತಪ್ಪಿಲ್ಲ ಅನ್ನಿಸಿತು ನನಗೆ. ಅತ್ತೆ ಯಾಕೆ ಅಷ್ಟು ವರ್ಷ ಬರುತ್ತಿದ್ದಳು ಅಂತ ಶುರು ಮಾಡಿ, ಮದುವೆಯ ದಿನ ಹಾರನ್ನಿನಲ್ಲಿ ಹಾಕಿದ ಪ್ಲೇಟಿನ ತನಕ ಬಂದೆ. ಗೋಪಾಲಮ್ಮ ನನ್ನನ್ನು ತಡೆದಳು.

"ನಂಗೊತ್ತು ಕಣಮ್ಮ."

ಅವಳೇ ಮುಂದುವರಿಸಿದಳು.

"ನಿಮ್ಮಪ್ಪ ಏರಿ ಮೇಲೆ ಬಿದ್ದಾಗ ನಾನೂ ಅಲ್ಲೇ ಇದ್ದೆ. ಎಮ್ಮೆ ಹೊಡ್ಕೊಂಡು ಬಂದಿದ್ದೆ. ಆ ಅಳು ಕೇಳಿದ ಕಿವಿ ಮರೆಯುತ್ತಾ? ಹಸೆ ಮೇಲೆ ಕೂತಿದ್ದೀನಿ, ಆ ಹಾರನ್ನಲ್ಲಿ ಅದೇ ಬಂತು. ಜೀವ ಬಾಯಿಗೆ ಬಂದಂಗಾಯ್ತು. ಎದ್ದು ಓಡ್ಬೇಕು ಅಂತ ಕಾಲು ಮಡಚ್ದೆ ಕೂಡ. ಅಷ್ಟರಲ್ಲಿ ಮುನಿಕೆಂಪಮ್ಮ ದೊಡ್ಡಮ್ಮ ಎದ್ದು ಸೋಬಾನೆ ಹೇಳಿದ್ಲು. ಅವಳ ಮುಖ ನೋಡ್ದೆ. ಹಂಗೇ ಕೂತೆ."

"ಯಾರಿಗೂ ಹೇಳ್ಲಿಲ್ವಾ?"

"ಯಾರಿಗೆ ಹೇಳ್ಲಿ? ಗಂಡನಿಗಾ, ಅವರವ್ವನಿಗಾ? ಮೊದ್ಲು ಮೊದ್ಲು ದಿನಾ ಸಾಯ್ತಿದ್ದೆ. ಇವತ್ತು ಏನಾಗುತ್ತೋ, ನಾಳೆ ಏನಾಗುತ್ತೋ ಅಂತ. ಆಮೇಲೆ ಅವಳು ಬರೋಕೆ ಶುರು ಮಾಡಿದ್ಲು. ಬಂದು ನನ್ನ ಹಣೆ ನೋಡೋಳು, ಬಳೆ ನೋಡೋಳು. ನನ್ ಪಾಲಿನ ಭಯಾನೂ ಅವಳೇ ಹೊತ್ಕೊಂಡು ಹೋದಂಗಿರೋದು."

"ನಮ್ಮತ್ತೆಗಾದ್ರೂ ಒಂದು ಮಾತು ಹೇಳ್ಬಹುದಿತ್ತಲ್ಲಮ್ಮ. ಅವಳು ಕೊನೇತನಕ ನರಳಿದ್ಲು."

ಗೋಪಾಲಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೇಳಿದ್ರೆ ಬರೋದು ನಿಲ್ಲಿಸಿಬಿಡ್ತಾಳೆ ಅಂತ ಹೆದ್ರಿಕೆ ಆಯ್ತು," ಅಂದಳು.

ಅವಳು ಒಳಗೆ ಹೋಗಿ ಸೀರೆ ಬದಲಿಸಿ, ಮಗನಿಗೆ ಹೇಳಿ ಬಂದಳು. ತುಮಕೂರು ರಸ್ತೆಯವರೆಗೆ ಇಬ್ಬರೂ ನಡೆದೆವು. ಹೆಬ್ಬಾಳದ ಕಡೆಯ ಬಸ್ಸು ತುಂಬಿಕೊಂಡು ಬಂತು. ನಿಂತುಕೊಂಡೇ ಹೊರಟೆವು.